ಹನ್ನೊಂದು ತೊಳೆದ ಮೊಟ್ಟೆಗಳು

ಒಂಬತ್ತನೆಯ ಮೊಟ್ಟೆಗೆ ಸೋಪು ಹಚ್ಚುವಾಗ ಅದು ಕೈಜಾರಿ ಬಕೆಟ್ಟಿನೊಳಗೆ ಬಿತ್ತು.

ಕಡ್ಡಿ ಮೊಣಕೈವರೆಗೆ ನೀರಿಗೆ ಕೈ ಹಾಕಿ ತಡಕಿದಳು. ಪುಣ್ಯಕ್ಕೆ ಒಡೆದಿರಲಿಲ್ಲ.

ಎಂಟು ಮೊಟ್ಟೆಗಳು ಆಗಲೇ ಸ್ನಾನ ಮುಗಿಸಿ, ಅಮ್ಮನ ಹೊಲಿಗೆಯಲ್ಲಿ ಮಿಕ್ಕ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಒಂದರ ಮೇಲೂ ಹಿಕ್ಕೆಯ ಕಲೆಯಿಲ್ಲ, ಅಂಟಿಕೊಂಡ ಪುಕ್ಕವಿಲ್ಲ. ಸೋಪೂ ಅಂತಿಂಥದ್ದಲ್ಲ. ಶರ್ಟಿನ ಕಾಲರ್ ಉಜ್ಜಲೆಂದೇ ಅಮ್ಮ ಎತ್ತಿಟ್ಟಿದ್ದ ಹಸಿರು ಬಾರ್ ಸೋಪು.

'ಕೋಳಿ ಅಂದ್ರೆ ಗಲೀಜು ಅಂತಾಳಲ್ಲ ಅಮ್ಮ, ಇವತ್ತು ನೋಡ್ಲಿ,' ಎಂದುಕೊಂಡಳು ಕಡ್ಡಿ.

ಉದ್ದಕ್ಕೆ, ಸಣ್ಣಗೆ ಇದ್ದುದರಿಂದ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು. ಆಗ ಅವಳೇ ಒಂದು ಕ್ಷಣ ತಡವಾಗಿ 'ಪ್ರೆಸೆಂಟ್ ಮಿಸ್' ಅನ್ನುತ್ತಿದ್ದಳು.

ಅಮ್ಮ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಎಲ್ಲವೂ ಬಿಳಿ ಶರ್ಟು. ಅಪ್ಪ ದೂರದೂರಿನ ಬಸ್ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಬಂದು ನಿದ್ದೆ ಮಾಡಿ ಹೋಗುತ್ತಿದ್ದರು. ಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಅಮ್ಮನ ಮಷೀನು ಅಡುಗೆಮನೆಯಲ್ಲಿ, ಗ್ಯಾಸ್ ಒಲೆಗೂ ಪಾತ್ರೆ ಕಪಾಟಿಗೂ ನಡುವೆ ಸಿಕ್ಕಿಕೊಂಡಿತ್ತು. ಯಾರಾದರೂ ಲೋಟ ತೆಗೆಯಬೇಕೆಂದರೆ ಅಮ್ಮ ಎದ್ದು ನಿಲ್ಲಬೇಕು. ಒಗ್ಗರಣೆ ಸಿಡಿದರೆ ಶರ್ಟಿಗೆ ಕಲೆ.

ಹೋದ ವಾರ ಅಂಗಡಿಯಿಂದ ಒಂದು ಶರ್ಟು ವಾಪಸ್ ಬಂದಿತ್ತು. ಕಾಲರ್ ಒಳಗೆ ಒಂದು ಕೋಳಿಪುಕ್ಕ ಸೇರಿ ಹೊಲಿದುಹೋಗಿತ್ತು.

ಅಮ್ಮ ಅವತ್ತು ಕೂಗಾಡಲಿಲ್ಲ. ಹೊಲಿಗೆ ಬಿಚ್ಚಿ, ಪುಕ್ಕ ತೆಗೆದು, ಮತ್ತೆ ಹೊಲಿದಳು. ಆಮೇಲೆ ಅಜ್ಜಿಯ ಮುಂದೆ ಬಂದು ನಿಂತಳು.

"ಅತ್ತೆ, ಒಂದು ಮಾತು. ಮೂರು ಮುದಿ ಕೋಳಿ, ಒಂದು ಹುಂಜ. ತಿನ್ನೋದು ಜಾಸ್ತಿ, ಇಡೋದು ಕಡಿಮೆ. ನಿಮಗೂ ಕಣ್ಣು ಕಾಣ್ತಿಲ್ಲ. ಹಿತ್ತಿಲ ಶೆಡ್ ನನಗೆ ಕೊಟ್ರೆ ಮಷೀನು ಅಲ್ಲಿ ಹಾಕ್ಕೋತೀನಿ."

"ಚುಕ್ಕಿ ಕಾವಿಗೆ ಕೂತಿದೆ ಕಣಮ್ಮ," ಎಂದಳು ಅಜ್ಜಿ. "ಎಷ್ಟು ಎಬ್ಬಿಸಿದ್ರೂ ಗೂಡು ಬಿಟ್ಟು ಏಳ್ತಿಲ್ಲ. ಇದೊಂದು ಸಲ ನೋಡೋಣ. ಮರಿ ಆದ್ರೆ ಕೋಳಿ ಇರಲಿ. ಆಗ್ಲಿಲ್ವಾ, ಎಲ್ಲಾನೂ ನನ್ನ ತಂಗಿ ಮನೆಗೆ ಕಳಿಸಿಬಿಡ್ತೀನಿ. ಶೆಡ್ ನಿಂದು."

"ಮಾತಿಗೆ ತಪ್ಪಬಾರದು ಮತ್ತೆ."

"ತಪ್ಪಲ್ಲ."

ಅವತ್ತೇ ಅಮ್ಮ ಟೇಪು ಹಿಡಿದು ಶೆಡ್ಡಿಗೆ ಹೋಗಿ ಅಳತೆ ತೆಗೆದುಕೊಂಡಳು. ಮಷೀನು ಬರಬೇಕಾದ ಜಾಗದಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಕೆಳಗೆ ಮಷೀನಿಗೆ ಬೇಕಾದ ಇಂಚಿನ ಲೆಕ್ಕ, ನಲವತ್ತೆರಡು ಎಂದು ಬರೆದಳು. "ಅಳತೆಗೆ ಅಂತ ಬಂದೆ. ಇನ್ನು ಇದು ಖಾಲಿ ಆಗೋವರೆಗೆ ನಾನು ಒಳಗೆ ಕಾಲಿಡಲ್ಲಪ್ಪ," ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಬಂದಳು.

ಆ ನೀಲಿ ಗೆರೆ ಕಂಡಾಗಲೆಲ್ಲ ಕಡ್ಡಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದಕ್ಕೇ ಈ ಸೋಪು, ಈ ಸ್ನಾನ.

ಹನ್ನೊಂದನೆಯ ಮೊಟ್ಟೆಯನ್ನೂ ಒರೆಸಿ, ಬುಟ್ಟಿಯನ್ನು ಅಮ್ಮನ ಮುಂದೆ ಹಿಡಿದಳು.

"ನೋಡಮ್ಮ, ಎಷ್ಟು ನೀಟಾಗಿದೆ!"

ಅಮ್ಮ ಮಷೀನು ನಿಲ್ಲಿಸಿ ನೋಡಿದಳು. ತುಟಿ ಬೇಡವೆಂದರೂ ನಗು ಬಂತು. "ಪರವಾಗಿಲ್ವೇ. ಇಸ್ತ್ರಿ ಒಂದು ಬಾಕಿ," ಎಂದಳು.

*

ಸಂಜೆ ಅಜ್ಜಿ ಶೆಡ್ಡಿನ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಒಂದು ಕಣ್ಣಿಗೆ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಹಸಿರು ಪಟ್ಟಿ. ಇನ್ನೊಂದು ಕಣ್ಣು ಮೊದಲೇ ಮಂಜು. ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು.

"ನಾನು ಬಾಯಿ, ನೀನು ಕೈ," ಎಂದಳು ಅಜ್ಜಿ. "ಬುಟ್ಟಿಗೆ ಒಣ ಎಲೆ ಹಾಕಿದ್ಯಾ? ಅದರ ಕೆಳಗೆ ಬಚ್ಚಲೊಲೆ ಬೂದಿ?"

"ಹೂಂ. ಎರಡು ಹಿಡಿ. ಯಾಕಜ್ಜಿ ಬೂದಿ?"

"ಕೋಳಿಹೇನು ಹತ್ರ ಬರಲ್ಲ. ಇಪ್ಪತ್ತೊಂದು ದಿನ ತಪಸ್ಸು ಮಾಡೋಳು ಅದು. ನಡುವೆ ಕೆರ್ಕೊಂಡು ಕೂತ್ರೆ ಆಗುತ್ತಾ? ಸರಿ, ಮೊಟ್ಟೆ ಕೊಡು."

ಅಜ್ಜಿ ಮೊದಲನೆಯ ಮೊಟ್ಟೆಯನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಬೆರಳು ಅಲ್ಲೇ ನಿಂತಿತು. ಇನ್ನೊಂದು ತೆಗೆದುಕೊಂಡಳು, ಸವರಿದಳು. ಮೂಗಿನ ಹತ್ತಿರ ಹಿಡಿದಳು.

"ಬೇರೆ ಮೊಟ್ಟೆ ಇಲ್ವಾ ಮಗು?"

"ಇಲ್ಲಜ್ಜಿ. ಹತ್ತು ದಿನದಿಂದ ಕೂಡಿಟ್ಟಿದ್ದು ಇವೇ."

"ಹೂಂ," ಎಂದಳು ಅಜ್ಜಿ.

ಕಡ್ಡಿ ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ಅಡ್ಡಗೀಟು ಹಾಕಿದಳು. ಬೇರೆ ಕೋಳಿಗಳು ಬಂದು ಅದೇ ಬುಟ್ಟಿಯಲ್ಲಿ ಇಟ್ಟು ಹೋದರೆ ಗೊತ್ತಾಗಬೇಕಲ್ಲ. ಚುಕ್ಕಿ ಎರಡು ಸಲ ಕುಕ್ಕಿತು. ಬಿಳಿ ಮೈಮೇಲೆ ಕರಿ ಚುಕ್ಕಿಗಳಿದ್ದ ಆ ದಪ್ಪ ಕೋಳಿ ಮೊಟ್ಟೆಗಳನ್ನು ಒಂದೊಂದಾಗಿ ಕೊಕ್ಕಿನಿಂದ ಎಳೆದು ಹೊಟ್ಟೆಯ ಕೆಳಗೆ ಸೇರಿಸಿಕೊಂಡು, ಮೈ ಊದಿಸಿ ಕೂತಿತು.

ಮರುದಿನ ಬೆಳಿಗ್ಗೆ ಅಜ್ಜಿ ಕೂಗಿದಳು. "ಕರಿ ಕೋಳಿ ಮೊಟ್ಟೆ ಇಟ್ಟಿದ್ಯಾ ನೋಡು. ಆ ಇನ್ನೊಂದು ಕೋಳಿ, ಜಗಳಗಂಟೀದೂ ನೋಡು. ಎರಡನ್ನೂ ಚುಕ್ಕಿ ಕೆಳಗೆ ಸೇರಿಸು. ಒಂದು ದಿನ ಹಿಂದೆಮುಂದೆ ಆದ್ರೆ ಏನಾಗಲ್ಲ."

"ಗಲೀಜಾಗಿದೆ ಅಜ್ಜಿ. ತೊಳೀಲಾ?"

"ಅಯ್ಯೋ, ಬೇಡ. ಮೊಟ್ಟೆ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತೆ. ಕೋಳಿ ಬಾಗಿಲು ಹಾಕಿ ಕಳಿಸಿರುತ್ತೆ ಅಂತ ಇಟ್ಕೋ. ತೊಳೆದ್ರೆ ಬಾಗಿಲು ತೆಗೆದ ಹಾಗೆ. ಕೆಟ್ಟದ್ದೆಲ್ಲ ಒಳಗೆ ಹೋಗಿ ಮರಿ ಆಗೋದು ಕಷ್ಟ."

ಕಡ್ಡಿ ತೊಳೆದ ಹನ್ನೊಂದೂ ಆಗಲೇ ಚುಕ್ಕಿಯ ಹೊಟ್ಟೆಯ ಕೆಳಗಿದ್ದವು. ಎರಡು ಹೊಸ ಮೊಟ್ಟೆಗಳಿಗೆ ಅಡ್ಡಗೀಟಿನ ಬದಲು ಸೊನ್ನೆ ಹಾಕಿ ಇಟ್ಟಳು. ಗೋಡೆಯ ಮೇಲಿನ ನೀಲಿ ಗೆರೆ ಅವಳನ್ನೇ ನೋಡುತ್ತಿತ್ತು.

*

ಅಲ್ಲಿಂದ ಕಡ್ಡಿಗೆ ಒಂದೇ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ನೀರಿನ ಬಟ್ಟಲಿಗೆ ಜಜ್ಜಿದ ಬೆಳ್ಳುಳ್ಳಿಯ ಒಂದು ಎಸಳು. ಮೊಟ್ಟೆಯ ಓಡನ್ನು ಹುರಿದು ಪುಡಿಮಾಡಿ ಕರಿ ಮತ್ತು ಜಗಳಗಂಟಿಯ ನುಚ್ಚಿಗೆ ಬೆರೆಸುವುದು. ಗೊಬ್ಬರದ ಗುಂಡಿಯ ಮೇಲೆ ಹಾಸಿದ ಒದ್ದೆ ಗೋಣಿಚೀಲ ಎತ್ತಿದರೆ ಕೆಳಗೆ ಹುಳುಗಳ ಜಾತ್ರೆ. ಅದು ಎಲ್ಲರಿಗೂ ಸಿಹಿತಿಂಡಿ.

ಹುಂಜದ ಹೆಸರು ಹೆಡ್ಮಾಸ್ಟರ್. ಎದೆ ಮುಂದೆ ಮಾಡಿ ನಡೆಯುವುದು, ಯಾರೂ ಏಳುವ ಮೊದಲೇ ಕೂಗುವುದು, ಸುಮ್ಮನೆ ಇದ್ದವರನ್ನು ಅಟ್ಟಿಸಿಕೊಂಡು ಹೋಗುವುದು. ಹುಳ ಸಿಕ್ಕರೆ ಮಾತ್ರ ತಾನು ತಿನ್ನದೆ ಕೋಳಿಗಳನ್ನು ಕೊಕ್ ಕೊಕ್ ಎಂದು ಕರೆಯುತ್ತಿತ್ತು.

ದಿನಕ್ಕೊಮ್ಮೆ ಚುಕ್ಕಿಯನ್ನು ಎತ್ತಿ ಹೊರಗೆ ಬಿಡಬೇಕು. ಕಾಲು ಗಂಟೆ. ಅಷ್ಟರಲ್ಲಿ ಅದು ತಿಂದು, ಕುಡಿದು, ಮಣ್ಣಿನಲ್ಲಿ ಹೊರಳಾಡಿ, ಗೂಡಿಗೆ ಓಡುತ್ತಿತ್ತು.

"ಕಾಲರ್ ಸೋಪು ಯಾಕೆ ಇಷ್ಟು ಬೇಗ ಕರಗಿದೆ?" ಎಂದು ಅಮ್ಮ ಒಂದು ದಿನ ಕೇಳಿದಳು. ಅಜ್ಜಿ ಕೆಮ್ಮಿದಳು. ಕಡ್ಡಿ ಪುಸ್ತಕದೊಳಗೆ ಮುಖ ಹುದುಗಿಸಿದಳು.

ಕಡ್ಡಿಯ ಓದುವ ಮೇಜು ಮುಂದಿನ ಕೋಣೆಯ ಕಿಟಕಿಗೆ ತಾಗಿ ಇತ್ತು. ಮನೆಯಲ್ಲೇ ಒಳ್ಳೆಯ ಬೆಳಕು ಬರುವ ಜಾಗ. ಐದನೇ ಕ್ಲಾಸಿಗೆ ಬಂದಾಗ ಎರಡು ದಿನ ಊಟ ಬಿಟ್ಟು ಹಠ ಮಾಡಿ ಪಡೆದದ್ದು.

ಏಳನೆಯ ಸಂಜೆ ಅಜ್ಜಿ ಟಾರ್ಚು ತರಿಸಿದಳು.

"ಯಾವಾಗ್ಲೂ ಈ ಕೆಲಸ ನಾನೇ ಮಾಡೋದು. ಈ ಸಲ ನಿನ್ನ ಕಣ್ಣೇ ನನ್ನ ಕಣ್ಣು. ಟಾರ್ಚಿನ ಬಾಯಿಗೆ ರಟ್ಟು ಕಟ್ಟು. ನಡುವೆ ಶರ್ಟಿನ ಗುಂಡಿಯಷ್ಟು ತೂತು. ಅದರ ಮೇಲೆ ಮೊಟ್ಟೆ ಇಟ್ಟು ನೋಡು. ಒಳಗೆ ಕೆಂಪು ಜೇಡ ಕಂಡ್ರೆ ಜೀವ ಇದೆ. ಖಾಲಿ ಇದ್ರೆ, ಕಪ್ಪು ಕದಡಿದ್ರೆ ತೆಗೆದಿಡು. ಕೆಟ್ಟ ಮೊಟ್ಟೆ ಒಳಗೇ ಉಳಿದ್ರೆ ಒಂದು ದಿನ ಫಟ್ ಅಂತ ಒಡೆದು ಒಳ್ಳೇದನ್ನೂ ಹಾಳು ಮಾಡುತ್ತೆ."

ಕಡ್ಡಿ ಶೆಡ್ಡಿನ ಬಾಗಿಲು ಮುಚ್ಚಿ ಕತ್ತಲು ಮಾಡಿಕೊಂಡಳು. ಮೊದಲು ಸೊನ್ನೆಯ ಮೊಟ್ಟೆಗಳು. ಎರಡರಲ್ಲೂ ಇತ್ತು! ಸಣ್ಣ ಕೆಂಪು ಚುಕ್ಕೆ, ಅದರಿಂದ ಹೊರಟ ಎಳೆಗಳು. ನೋಡುತ್ತಿದ್ದಂತೆ ಆ ಚುಕ್ಕೆ ಮಿಸುಕಿತು.

ಆಮೇಲೆ ಅಡ್ಡಗೀಟಿನವು. ಒಂದರಲ್ಲಿ ಜೇಡ. ಒಂದು ಖಾಲಿ. ಇನ್ನೊಂದು ಖಾಲಿ. ಒಂದರಲ್ಲಿ ಕದಡಿದ ಕಪ್ಪು...

ಹನ್ನೊಂದರಲ್ಲಿ ಆರು ಕೆಟ್ಟಿದ್ದವು.

"ಏನಂತೆ?" ಬಾಗಿಲಾಚೆಯಿಂದ ಅಜ್ಜಿ ಕೇಳಿದಳು. "ಎಷ್ಟರಲ್ಲಿ ಜೇಡ?"

'ಎಲ್ಲದರಲ್ಲೂ' ಎನ್ನುವ ಮಾತು ಕಡ್ಡಿಯ ನಾಲಿಗೆ ತುದಿವರೆಗೆ ಬಂತು. ಅಜ್ಜಿಗೆ ಕಾಣುವುದಿಲ್ಲ. ಅಮ್ಮ ಒಳಗೆ ಬರುವುದಿಲ್ಲ. ಆದರೆ ಆ ಆರನ್ನು ವಾಪಸ್ ಇಟ್ಟರೆ, ಮಿಸುಕುವ ಆ ಕೆಂಪು ಚುಕ್ಕೆಗಳ ಪಕ್ಕದಲ್ಲೇ ಇಡಬೇಕು.

ಬಾಗಿಲು ತೆರೆದು ಹೊರಗೆ ಬಂದಳು.

"ಏಳು ಇದೆ ಅಜ್ಜಿ. ಆರು ಹೋಯ್ತು." ಕಡ್ಡಿ ಕಣ್ಣು ಒರೆಸಿಕೊಂಡಳು. "ನಾನು ತೊಳೆದುಬಿಟ್ಟಿದ್ದೆ. ಹನ್ನೊಂದನ್ನೂ."

"ಅದೂ ಸೋಪು ಹಾಕಿ," ಎಂದಳು ಅಜ್ಜಿ.

"ನಿಂಗೆ ಗೊತ್ತಿತ್ತಾ?"

"ಕಾಲರ್ ಸೋಪಿನ ವಾಸನೆ ಬರೋ ಮೊಟ್ಟೆ ಇಡೋ ಕೋಳಿ ನಮ್ಮನೇಲಿ ಯಾವುದಿದೆಯೇ?"

ಕಡ್ಡಿಗೆ ಅಳುವಿನ ನಡುವೆಯೇ ನಗು ಬಂದು, ಮೂಗಿನಿಂದ ಗುಳ್ಳೆ ಬಂತು.

"ಮತ್ತೆ ಯಾಕೆ ಬೈಲಿಲ್ಲ?"

"ಬೈದಿದ್ರೆ ಪೊರೆ ವಾಪಸ್ ಬರ್ತಿತ್ತಾ? ಚುಕ್ಕಿ ಕಾವು ಹತ್ತು ದಿನ ಕಾಯುತ್ತಾ? ಸಿಕ್ಕಿದ್ದನ್ನ ಇಟ್ಟೆ." ಅಜ್ಜಿ ಪಟ್ಟಿಯ ಅಂಚನ್ನು ಒತ್ತಿಕೊಂಡಳು. "ಇನ್ನೊಂದು ಏನು ಅಂದ್ರೆ, ಬಾಯಿ ಬಿಟ್ಟಿದ್ರೆ ನಿಮ್ಮಮ್ಮಂಗೆ ಗೊತ್ತಾಗ್ತಿತ್ತು. ಅವಳು ಅವತ್ತೇ ಶೆಡ್ ಕೇಳಿಬಿಟ್ರೆ ಅನ್ನೋ ಹೆದರಿಕೆ ನಂಗೂ ಇತ್ತು. ಮೂಗು ಒರೆಸ್ಕೋ. ಆ ಆರನ್ನ ಗುಂಡಿಗೆ ಹಾಕು. ಒಡೀದ ಹಾಗೆ ಹಾಕು ಮಾರಾಯ್ತಿ, ಆಮೇಲೆ ನಾನು ಇಲ್ಲಿ ಕೂರೋಕಾಗಲ್ಲ."

*

ಹನ್ನೆರಡನೆಯ ದಿನ ಕಡ್ಡಿ ತಡವಾಗಿ ಎದ್ದಳು. ಚುಕ್ಕಿಯನ್ನು ಹೊರಗೆ ಬಿಟ್ಟು, ಹೆಡ್ಮಾಸ್ಟರ್ ಒಳಗೆ ನುಗ್ಗದಿರಲಿ ಎಂದು ಶೆಡ್ಡಿನ ಚಿಲಕ ಹಾಕಿದಳು. ಜಡೆ, ಬೂಟು, ಟಿಫನ್ ಬಾಕ್ಸು, ಓಟ.

ಎರಡನೇ ಪೀರಿಯಡ್ಡಿನಲ್ಲಿ ಲೆಕ್ಕದ ಮಿಸ್ ಕೇಳಿದರು, "ಕಡ್ಡೀ, ಹದಿಮೂರರಲ್ಲಿ ಆರು ಕಳೆದರೆ?"

"ಚುಕ್ಕಿ!" ಎಂದಳು ಕಡ್ಡಿ. ಚಿಲಕ ತೆಗೆದಿರಲಿಲ್ಲ.

ಕ್ಲಾಸು ಗೊಳ್ಳೆಂದಿತು. "ಮಿಸ್, ಅವಳಿಗೆ ಕೋಳಿ ಮೆಟ್ಟಿಕೊಂಡಿದೆ," ಎಂದು ಹಿಂದಿನ ಬೆಂಚಿನಿಂದ ಯಾರೋ ಕೊಕ್ಕೊಕ್ಕೋ ಎಂದರು. ಕಡ್ಡಿಗೆ ಏನೂ ಕೇಳಿಸಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ಓಡಾಡುವ ಚುಕ್ಕಿ, ಒಳಗೆ ತಣ್ಣಗಾಗುತ್ತಿರುವ ಏಳು ಮೊಟ್ಟೆ.

ಕೊನೆಯ ಬೆಲ್ಲು ಹೊಡೆದಾಗ ಅವಳು ಆಗಲೇ ಗೇಟಿನಲ್ಲಿದ್ದಳು. ಮನೆಯ ಪಕ್ಕದ ಓಣಿಯಿಂದ ನೇರ ಹಿತ್ತಿಲಿಗೆ ಓಡಿದಳು. ಶೆಡ್ಡಿನ ಚಿಲಕ ಹಾಕಿಯೇ ಇತ್ತು.

ಚಿಲಕ ತೆಗೆದಳು.

ಬುಟ್ಟಿಯಲ್ಲಿ ಚುಕ್ಕಿ ಮೈ ಊದಿಸಿ ಕೂತಿತ್ತು. 'ಯಾರೇ ನೀನು, ಬಾಗಿಲು ಹಾಕು' ಎನ್ನುವಂತೆ ನೋಡಿತು. ಹೊಟ್ಟೆಯ ಕೆಳಗೆ ಕೈ ತೂರಿಸಿದರೆ ಬೆಚ್ಚಗೆ. ಏಳೂ ಬೆಚ್ಚಗೆ. ರೆಕ್ಕೆಯ ಮೇಲೆ ಮಾತ್ರ ಎಲ್ಲಿಂದಲೋ ಒಂದಿಷ್ಟು ನೀಲಿ ಮೆತ್ತಿತ್ತು. ಕಡ್ಡಿ ಅದನ್ನು ನೋಡಿಯೂ ನೋಡಲಿಲ್ಲ.

"ಅಜ್ಜಿ, ಚುಕ್ಕೀನ ನೀನೇ ಒಳಗೆ ಬಿಟ್ಯಾ?"

"ನಾನಾ? ಬೆಳಿಗ್ಗೆಯಿಂದ ಡ್ರಾಪ್ಸ್ ಹಾಕ್ಕೊಂಡು ಕಣ್ಣು ಮುಚ್ಚಿ ಮಲಗಿದ್ದೀನಿ."

ಕಡ್ಡಿ ಮನಸ್ಸಿನಲ್ಲೇ ನಕ್ಕಳು. ಸೋಪಿನ ವಿಷಯ ಏಳು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಅಜ್ಜಿ ಇದನ್ನು ಒಪ್ಪಿಕೊಳ್ಳುತ್ತಾಳೆಯೇ?

*

ಇಪ್ಪತ್ತೊಂದನೆಯ ದಿನ ಭಾನುವಾರ. ಬೆಳಿಗ್ಗೆ ಮೊಟ್ಟೆಯೊಳಗಿನಿಂದ ಚೀಂವ್ ಎಂದಿತು.

ಅಜ್ಜಿಯ ಪಟ್ಟಿ ಬಿಚ್ಚಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾದ ಪೊಲೀಸಿನಂತೆ ಬಾಗಿಲಲ್ಲಿ ನಿಂತಿದ್ದಳು. "ಉಗುರು ಹಾಕ್ಬೇಡ! ಅದರ ಕೆಲಸ ಅದೇ ಮಾಡ್ಲಿ."

"ಅರ್ಧ ಗಂಟೆಯಿಂದ ಅಷ್ಟೇ ತೂತು ಅಜ್ಜಿ!"

"ನೀನು ಹುಟ್ಟೋಕೆ ಒಂದೂವರೆ ದಿನ ತಗೊಂಡೆ. ನಾವೇನು ಬಾಗಿಲು ಬಡಿದ್ವಾ?"

ಮಧ್ಯಾಹ್ನದ ಹೊತ್ತಿಗೆ ಅಡ್ಡಗೀಟಿನ ಒಂದು ಮೊಟ್ಟೆ ಎರಡು ಹೋಳಾಯಿತು. ಒದ್ದೆ ಚಿಂದಿಯಂಥದ್ದೊಂದು ಹೊರಬಿದ್ದು ಮುಗ್ಗರಿಸಿತು. ಸಂಜೆಗೆ ಇನ್ನೆರಡು. ಮರುದಿನ, ಕಡ್ಡಿ ಸ್ಕೂಲಿನಿಂದ ಬರುವಷ್ಟರಲ್ಲಿ ಸೊನ್ನೆಯ ಎರಡು ಮೊಟ್ಟೆಗಳೂ ಒಡೆದಿದ್ದವು. ಉಳಿದೆರಡು ಒಡೆಯಲಿಲ್ಲ.

ಐದು ಮರಿ. ಒಂದರ ಬೆನ್ನ ಮೇಲೆ ಚುಕ್ಕಿಯದೇ ಚುಕ್ಕಿಗಳು.

ಅಮ್ಮ ಕತ್ತರಿ ಕೈಯಲ್ಲೇ ಹಿಡಿದು ಬಂದು ಬಾಗಿಲ ಹೊರಗೆ ನಿಂತಳು. ಅಜ್ಜಿ ಅವಳ ಮುಖ ನೋಡಿದಳು. ಕಡ್ಡಿಯೂ ನೋಡಿದಳು.

"ಐದಾ?" ಎಂದಳು ಅಮ್ಮ. "ಸರಿ ಅತ್ತೆ. ಮಾತು ಅಂದ್ರೆ ಮಾತು. ಇರಲಿ ಬಿಡಿ."

ಕಡ್ಡಿ ಕುಣಿದಳು. ಹೆಡ್ಮಾಸ್ಟರನ್ನು ಎತ್ತಿಕೊಳ್ಳಲು ಹೋಗಿ ಒದೆ ತಿಂದಳು. ಹಿತ್ತಿಲಿಗೆ ಎರಡು ಸುತ್ತು ಓಡಿ, ಮರಿಗಳಿಗೆ ನುಚ್ಚು ತರಲು ಒಳಗೆ ಹೋಗಿ, ತಟ್ಟೆ ಹಿಡಿದು ವಾಪಸ್ ಬಂದಳು. ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟಳು.

ಒಳಗೆ ಅಮ್ಮ ಇದ್ದಳು. ಬೆನ್ನು ಈಚೆಗೆ. ಒದ್ದೆ ಬಟ್ಟೆಯಿಂದ ಗೋಡೆಯ ಮೇಲಿನ ಗೆರೆಯನ್ನು ಒರೆಸುತ್ತಿದ್ದಳು. ಗೆರೆ ಬೇಗ ಹೋಗಲಿಲ್ಲ. ಅಮ್ಮ ಬಟ್ಟೆ ಕೆಳಗಿಟ್ಟು ಅಂಗೈಯಿಂದಲೇ ತಿಕ್ಕಿದಳು. ಒಂದು ಸಲ ಕೈ ನಿಲ್ಲಿಸಿ, ಖಾಲಿ ಜಾಗವನ್ನು, ಮೇಲಿನ ಕಿಂಡಿಯಿಂದ ಬೀಳುವ ಬೆಳಕನ್ನು ನೋಡಿದಳು. ಆಮೇಲೆ ನಲವತ್ತೆರಡನ್ನೂ ಒರೆಸಿದಳು.

ಅಲ್ಲಿಂದ ತಿರುಗುವಾಗ ಚುಕ್ಕಿ ಬುಟ್ಟಿಯಿಂದ ಆಚೆ ಇಣುಕಿತು. ಅಮ್ಮ ಬಗ್ಗಿ ಎರಡೂ ಕೈಯಿಂದ ಅದರ ರೆಕ್ಕೆಗಳನ್ನು ಒತ್ತಿ, ಮೆಲ್ಲಗೆ ಒಳಗೆ ಕೂರಿಸಿದಳು. ಚುಕ್ಕಿ ಕುಕ್ಕಲಿಲ್ಲ. ಗುರುತು ಸಿಕ್ಕವರ ಕೈಗೆ ಕೂರುವಂತೆ ಕೂತಿತು.

ಕಡ್ಡಿ ಬಾಗಿಲ ಪಕ್ಕಕ್ಕೆ ಸರಿದಳು. ಅಮ್ಮ ಅವಳನ್ನು ನೋಡದೆ ಮನೆಯೊಳಗೆ ಹೋದಳು.

ಚುಕ್ಕಿಯ ಬಿಳಿ ರೆಕ್ಕೆಯ ಮೇಲೆ ನಾಲ್ಕು ಬೆರಳಿನ ಹೊಸ ನೀಲಿ ಗುರುತು ಇತ್ತು. ಅದರ ಕೆಳಗೆ, ಮಾಸಿದ ಹಳೆಯ ನೀಲಿ.

ಕಡ್ಡಿ ನುಚ್ಚಿನ ತಟ್ಟೆಯನ್ನು ಕೆಳಗಿಟ್ಟಳು. ಹನ್ನೆರಡನೆಯ ದಿನ ಅಮ್ಮ ಸುಮ್ಮನೆ ಇದ್ದಿದ್ದರೆ ಸಾಕಾಗಿತ್ತು. ಒಂದು ಮಧ್ಯಾಹ್ನ. ಏನೂ ಮಾಡದೆ, ಹೊಲಿಯುತ್ತ ಕೂತಿದ್ದರೆ ಶೆಡ್ ಅವಳದಾಗುತ್ತಿತ್ತು.

ಅಡುಗೆಮನೆಯಲ್ಲಿ ಮಷೀನು ಶುರುವಾಯಿತು. ನಡುವೆ ನಿಂತಿತು. ಅಜ್ಜಿ ನೀರು ಕೇಳಿದ್ದಳು. ಸ್ಟೂಲು ಸರಿಯುವ ಸದ್ದು, ಕಪಾಟು ತೆರೆಯುವ ಸದ್ದು, ಮತ್ತೆ ಸ್ಟೂಲು.

ಕಡ್ಡಿ ಮುಂದಿನ ಕೋಣೆಗೆ ಹೋದಳು. ಮೊಳೆಗೆ ನೇತುಹಾಕಿದ್ದ ಟೇಪನ್ನು ಸದ್ದಾಗದಂತೆ ತೆಗೆದಳು. ಕಿಟಕಿಯ ಕೆಳಗೆ, ತನ್ನ ಮೇಜಿನ ಆ ತುದಿಯ ಗೋಡೆಯಿಂದ ಬಾಗಿಲಿನ ಚೌಕಟ್ಟಿನವರೆಗೆ ಟೇಪು ಹಿಡಿದಳು. ನಲವತ್ತನಾಲ್ಕು.

ಮತ್ತೊಮ್ಮೆ ಅಳೆದಳು. ನಲವತ್ತನಾಲ್ಕೇ.

ಟೇಪನ್ನು ಅಮ್ಮ ಸುತ್ತುವ ಹಾಗೆಯೇ ಸುತ್ತಿ ಮೊಳೆಗೆ ಹಾಕಿದಳು. ಮೇಜಿನ ಮೇಲಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಪೇರಿಸತೊಡಗಿದಳು. ಸಂಜೆಯ ಬಿಸಿಲು ಖಾಲಿಯಾಗುತ್ತಿದ್ದ ಮೇಜಿನ ಮೇಲೆ ಅಗಲವಾಗುತ್ತ ಬಂತು.

"ಏನೇ ಅದು ಸದ್ದು?" ಒಳಗಿನಿಂದ ಅಮ್ಮ ಕೂಗಿದಳು. "ಏನು ಮಾಡ್ತಿದ್ದೀಯ ಅಲ್ಲಿ?"

"ಏನಿಲ್ಲಮ್ಮ," ಎಂದಳು ಕಡ್ಡಿ, ಮೇಜಿನ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ.